ಬಾವಿಗೆ ಹೊರಟಿದ್ದ ಪಾದರಸ

ಗೆಳೆಯರೇ, ಇವತ್ತು ಮಧ್ಯಾಹ್ನ ಭಾಲ್ಕಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿತು. ರಸಾಯನಶಾಸ್ತ್ರ ಕಲಿಸುವ ನಾನು ಅಲ್ಲಿಗೆ ಓಡಿಬರುವಷ್ಟರಲ್ಲಿ ಗಣಿತದ ಸುಜಾತಾ ಮೇಡಮ್ ಅದನ್ನು ಅಂಗೈಯಲ್ಲಿ ಉರುಳಾಡಿಸುತ್ತಾ ನಿಂತಿದ್ದರು!

"ಮೇಡಮ್, ಅದು ವಿಷ ಅದರಿ! ಉಸಿರಿನಾಗ ಹೋಗ್ತದ, ಕೆಳಗ ಇಡ್ರಿ!"

"ಯಾಕ ಹೆದರ್ತೀರಿ ಸರ್? ಮುತ್ತಿನಂಗ ಎಷ್ಟ್ ಛಂದ ಅದ ನೋಡ್ರಿ."

ಮರುಕ್ಷಣವೇ ಚೀರಿದರು. ಪಾದರಸ ಹತ್ತಿ ಅವರ ಬಂಗಾರದ ಉಂಗುರ ಬೆಳ್ಳಗಾಗಿತ್ತು.

ಎಲ್ಲರನ್ನೂ ಹೊರಗೆ ಕಳಿಸಿದೆ. ಫ್ಯಾನ್ ಆರಿಸಿ, ಕಿಟಕಿ ತೆರೆದು, ಕೈಗವಸು ಹಾಕಿಕೊಂಡು ಹನಿಗಳನ್ನೆಲ್ಲ ರಟ್ಟಿನಿಂದ ಬಳಿದು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು.

"ಇಷ್ಟಕ್ಕ ಯಾಕ್ರಿ ಗದ್ದಲ? ಹಿಂದಿನ ಬಾವ್ಯಾಗ ಒಗದು ಬರ್ರಿ."

ನಾನು ಬಾಟಲಿಯನ್ನು ಎದೆಗೆ ಅವಚಿಕೊಂಡೆ. "ಸರ್, ಆ ಬಾವಿ ನೀರೇ ಹುಡುಗರು ಕುಡೀತಾರ್ರಿ!"

ಅವರು ತುಸು ಯೋಚಿಸಿದರು. "ಹೌದಲ್ಲ! ಹಂಗಾದ್ರ ಕಾಲೇಜ್ ಬಿಟ್ಟ ಮ್ಯಾಲ ಒಗೀರಿ."

ಬಾಟಲಿಯನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇಂಥ ಅಪಾಯದ ಕಸ ಒಯ್ಯುವವರಿಗೆ ಫೋನ್ ಮಾಡಿದ್ದೇನೆ, ಬರುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಆ ಬಾವಿಗೂ ಒಂದು ಬೀಗ ಹುಡುಕಬೇಕು.