ಸೆಲ್ವಂ ಕಾರ್ಡೂ ನನ್ನ ಕಾರ್ಡೂ

ಕರೆಂಟ್ ಹೋಗಬಹುದಿತ್ತು. ಹೋದ ಕರೆಂಟು ವಾಪಸ್ ಬರುವಾಗ ಜೋರಾಗಿ ಬಂದು ಕಂಪ್ಯೂಟರನ್ನೇ ಸುಡಬಹುದಿತ್ತು. ಅದರೊಳಗೆ ಚಿತ್ರದ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಹಲ್ಲಿ ನುಗ್ಗಬಹುದಿತ್ತು. ಕಾರ್ಡಿನ ಚಿಪ್ ಕಾದು, ವಿಡಿಯೋದಲ್ಲಿ ಮದುಮಗಳ ಕೆನ್ನೆಯ ಮೇಲೆಲ್ಲ ಹಸಿರು ಚುಕ್ಕೆ ಎದ್ದು, ಹುಡುಗಿಗೆ ಏನೋ ಕಾಯಿಲೆ ಇದ್ದದ್ದನ್ನು ಮುಚ್ಚಿಟ್ಟಿದ್ದಾರೆ ಎಂದು ಬೀಗರು ತಿಳಿಯಬಹುದಿತ್ತು. ಎಲ್ಲ ಸರಿಹೋದರೂ ಬೀಗರ ಊರಾದ ಕಾಮಸಮುದ್ರದ ಬಸ್ಸು ಅವತ್ತೇ ಬರದಿರಬಹುದಿತ್ತು. ಇಷ್ಟನ್ನೂ ನಾನು ಭಾನುವಾರದ ಕಾಫಿ ಆರುವುದರೊಳಗೆ ಯೋಚಿಸಿ ಮುಗಿಸಿದ್ದೆ. ಈ ವೇಗ ನನ್ನ ಕಾರ್ಡಿಗೆ ಇದ್ದಿದ್ದರೆ ಈ ಪ್ರಬಂಧವನ್ನು ಬರೆಯುವ ಅಗತ್ಯವೇ ಇರಲಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ಮದುವೆ ವಿಡಿಯೋ ಮಾಡಿಕೊಡುವ ಸಣ್ಣ ಸ್ಟುಡಿಯೋ ನನ್ನದು. ಈ ಸಲದ ಮದುವೆ ಅಕ್ಕನ ಮಗಳು ಪದ್ಮಳದು. ಸೋದರಮಾವನೂ ನಾನೇ, ವಿಡಿಯೋದವನೂ ನಾನೇ. ಹೆಣ್ಣನ್ನು ಮಂಟಪಕ್ಕೆ ಕರೆತರುವಷ್ಟು ಹೊತ್ತು ಕ್ಯಾಮೆರಾವನ್ನು ಹೆಂಡತಿಯ ಅಣ್ಣನ ಕೈಗೆ ಕೊಟ್ಟಿದ್ದೆ. ಅವರು ಅಷ್ಟು ಹೊತ್ತೂ ಭಕ್ತಿಯಿಂದ ನೆಲದ ವಿಡಿಯೋ ತೆಗೆದಿದ್ದಾರೆ. ಮುಹೂರ್ತ ಬೆಳಕು ಹರಿಯುವ ಮೊದಲೇ ಇದ್ದದ್ದರಿಂದ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳು. ಅದನ್ನು ನುಣುಪು ಮಾಡುವುದು ಕಾರ್ಡಿಗೆ ಗಂಟೆಗಟ್ಟಲೆ ಕೆಲಸ. ಅಕ್ಕನೋ, ಆ ಭಾನುವಾರದ ಬೀಗರೂಟಕ್ಕೆ ವಿಡಿಯೋ ತಂದೇ ತರುತ್ತೇವೆಂದು ಗಂಡಿನ ಮನೆಯವರಿಗೆ ಮಾತು ಕೊಟ್ಟುಬಿಟ್ಟಿದ್ದಳು.

"ಏನ್ಲಾ, ಆಯ್ತೇನ್ಲಾ?" ಎಂದು ಫೋನಿನಲ್ಲಿ ಕೇಳಿದಳು. "ಬೀಗ್ರು ದೊಡ್ ಟೀವಿ ತಂದ್ ಮಡಗವ್ರಂತೆ. ಊರೋರ್ನೆಲ್ಲ ಕರ್ದವ್ರೆ. ಬರೀ ಕೈಯಾಗೆ ಓದ್ರೆ ನಮ್ ಮಾನ ಓಯ್ತದೆ ಕಣ್ಲಾ."

ಕಂಪ್ಯೂಟರಿನ ಅಂದಾಜಿನಂತೆ, ಕಾಮಸಮುದ್ರದಲ್ಲಿ ಮಟನ್ ಬಡಿಸುವ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ನನಗೆ ಅದು ಬಸ್ಸಿಗಿಂತ ಮೊದಲು ಬೇಕು. ನನ್ನ ಸ್ಟುಡಿಯೋದ ಎದುರಿಗೇ ತನ್ನದೂ ಒಂದು ಇಟ್ಟಿರುವ ಸೆಲ್ವಂ ಬಂದು ನೋಡಿ, "ಓವರ್‌ಕ್ಲಾಕ್ ಮಾಡಣ್ಣೇ" ಎಂದ. ಅಂದರೆ ಚಿಪ್ಪನ್ನು ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದು.

ಇಲ್ಲಿ ನನ್ನದೊಂದು ಹೊಟ್ಟೆಯುರಿಯ ಕಥೆ ಇದೆ. ಸೆಲ್ವಂ ಮತ್ತು ನಾನು ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಕಂಪನಿಯ ಒಂದೇ ಹೆಸರಿನ ಕಾರ್ಡು ತಂದವರು. ಅಂಗಡಿಯವನು ಎರಡು ಡಬ್ಬಿ ಇಟ್ಟಾಗ, ನಾನು ಅದನ್ನೂ ಇದನ್ನೂ ಅಲ್ಲಾಡಿಸಿ, ಮೂಲೆ ಜಜ್ಜಿಹೋಗದ್ದನ್ನು ಆರಿಸಿಕೊಂಡೆ. ಜಜ್ಜಿದ ಡಬ್ಬಿ ಸೆಲ್ವಂಗೆ ಹೋಯಿತು. ಈಗ ಅವನ ಕಾರ್ಡು ಎಷ್ಟು ಏರಿಸಿದರೂ ತಣ್ಣಗೆ ಓಡುತ್ತದೆ. ನನ್ನದು ಸ್ವಲ್ಪ ಏರಿಸಿದರೆ ಸಾಕು, ಏದುಸಿರು ಬಿಡುತ್ತದೆ.

ಇದು ನಮ್ಮ ಕಡೆಯ ಟೊಮೆಟೊ ಮಂಡಿಯ ವಿಷಯವೇ. ಒಂದೇ ತೋಟ, ಒಂದೇ ಗೊಬ್ಬರ, ಒಂದೇ ನೀರು. ಆದರೂ ಹಣ್ಣು ಒಂದೊಂದು ಥರ. ಬಂಗಾರಪೇಟೆ ಕಡೆಯ ರೈತ ಕೂತು ಗಟ್ಟಿ ಹಣ್ಣನ್ನು ಒಂದು ಬಾಕ್ಸಿಗೆ, ಎರಡನೇ ದರ್ಜೆಯದನ್ನು ಇನ್ನೊಂದಕ್ಕೆ ಆರಿಸಿ ಹಾಕುತ್ತಾನೆ. ಚಿಪ್ ಕಂಪನಿಯವರೂ ಅಷ್ಟೇ. ಸಿಲಿಕಾನಿನ ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳನ್ನು ಓಡಿಸಿ ನೋಡಿ, ಗಟ್ಟಿಯವಕ್ಕೆ ದೊಡ್ಡ ಹೆಸರು, ಉಳಿದವಕ್ಕೆ ಸಣ್ಣ ಹೆಸರು ಕೊಡುತ್ತಾರೆ. ಆದರೆ ಒಂದೇ ಬಾಕ್ಸಿನೊಳಗೂ ಒಂದು ಹಣ್ಣು ಗಟ್ಟಿ, ಒಂದು ಮೆತ್ತಗೆ. ಟೊಮೆಟೊವನ್ನಾದರೆ ಹಿಸುಕಿ ನೋಡಬಹುದು. ಚಿಪ್ಪನ್ನು ಮನೆಗೆ ತಂದು ಓಡಿಸಿಯೇ ತಿಳಿಯಬೇಕು. ಸಾಲದ್ದಕ್ಕೆ ಚಿಪ್ಪು ಮರಳಿನಿಂದ ಮಾಡುವ ವಸ್ತುವಂತೆ. ಗಣಿಯಲ್ಲಿ ಚಿನ್ನ ತೆಗೆದು ಮಿಕ್ಕ ಮರಳು ನಮ್ಮೂರಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ; ಗಾಳಿಗಾಲದಲ್ಲಿ ಅದು ನಮ್ಮ ಕಣ್ಣಿಗೆ ಬೀಳುತ್ತದೆಯೇ ಹೊರತು ಯಾವ ಕಂಪನಿಯ ಕಣ್ಣಿಗೂ ಬಿದ್ದಿಲ್ಲ.

"ನಿನ್ನ ಕಾರ್ಡಲ್ಲೇ ಮಾಡಿಕೊಡಪ್ಪ" ಎಂದು ಸೆಲ್ವಂನನ್ನು ಕೇಳಿದೆ. ಅದರಲ್ಲಿ ಮಾರಿಕುಪ್ಪಂನ ಒಂದು ಮದುವೆಯ ವಿಡಿಯೋ ಓಡುತ್ತಿತ್ತು.

"ಭಯ ಯಾಕಣ್ಣೇ? ಮೆಲ್ಲಗೆ ಏರ್ಸು. ಜಾಸ್ತಿ ಆದ್ರೆ ಅದೇ ನಿಂತೋಗ್ತದೆ" ಎಂದ.

"ಯಾವುದು, ಕಾರ್ಡಾ, ನನ್ನ ಹಾರ್ಟಾ?"

"ನಿನ್ ಹಾರ್ಟು ಕಂಪನಿ ಕೊಟ್ಟ ಸ್ಪೀಡಲ್ಲೇ ನಿಂತೋಗೋ ಪೀಸು, ಬಿಡಣ್ಣೇ."

ಏರಿಸಿದೆ. ಓಡಿಸಿ ನೋಡಿದೆ. ಇನ್ನೂ ಸ್ವಲ್ಪ ಏರಿಸಿದೆ; ಹಸಿರು ಚುಕ್ಕೆ ಬಂತು. ಹೆದರಿ ಇಳಿಸಿದೆ. ಇಳಿಸಿದ್ದು ಹೆಚ್ಚಾಯಿತೆಂದು ಒಂದು ಚೂರು ಏರಿಸಿದೆ. ಕಡೆಗೆ ಸೆಲ್ವಂ ನನ್ನ ಕೈಯಿಂದ ಮೌಸ್ ಕಿತ್ತುಕೊಂಡ. ಕಾರ್ಡು, ದಿಬ್ಬ ಹತ್ತುವ ಟೆಂಪೋದ ಹಾಗೆ ಮುಲುಗುತ್ತ, ನಿಲ್ಲದೆ ಓಡಿತು. ಗಿಟ್ಟಿದ ವೇಗ ಹೆಚ್ಚೇನಿಲ್ಲ, ಬಸ್ಸು ಹಿಡಿಯುವಷ್ಟು. ಹಿಡಿದೆ.

ಬೀಗರ ಮನೆಯ ದೊಡ್ಡ ಟೀವಿಯ ಮುಂದೆ ಊರೇ ಕೂತಿತ್ತು. ಚಿತ್ರ ಬೆಣ್ಣೆಯ ಹಾಗಿತ್ತು. ನಾನು ಪದ್ಮಳ ಕೆನ್ನೆ ಬಿಟ್ಟು ಬೇರೇನೂ ನೋಡಲಿಲ್ಲ. ಒಂದು ಹಸಿರು ಚುಕ್ಕೆಯೂ ಏಳಲಿಲ್ಲ. ಅಕ್ಕ ಬೀಗಿತ್ತಿಯ ಪಕ್ಕದಲ್ಲಿ ಕತ್ತು ನೆಟ್ಟಗೆ ಮಾಡಿ ಕೂತಿದ್ದಳು. ತಾಳಿ ಕಟ್ಟಿದ್ದಾಯಿತು, ಗಟ್ಟಿಮೇಳ ನಿಂತಿತು. ಆ ಮೌನದಲ್ಲಿ ಟೀವಿಯಿಂದ ಸ್ಪಷ್ಟವಾಗಿ ಒಂದು ಗಂಡಸಿನ ದನಿ ಬಂತು:

"ಗಂಟು ಸಡ್ಲ ಬಿತ್ತೇನೋ... ಅಯ್ಯೋ, ಅನ್ನ ಬೇರೆ ಸಾಲಲ್ವೇನೋ..."

ನನ್ನದೇ ದನಿ, ಮುಹೂರ್ತದ ಹೊತ್ತಿಗೆ ನನ್ನಷ್ಟಕ್ಕೆ ಗೊಣಗಿಕೊಂಡದ್ದು. ಕ್ಯಾಮೆರಾದ ಮೈಕು ನನ್ನ ಬಾಯಿಯ ಪಕ್ಕದಲ್ಲೇ ಇತ್ತು. ಕಾರ್ಡಿನ ಫ್ಯಾನು ಹೇಗೆ ಉಸಿರಾಡುತ್ತಿದೆಯೆಂದು ಕೇಳಿಸಿಕೊಳ್ಳಲು ನಾನು ಬೆಳಗಿನಿಂದ ಸ್ಪೀಕರ್ ಬಂದ್ ಮಾಡಿ ಕೂತಿದ್ದವನು, ಚಿತ್ರವನ್ನಷ್ಟೇ ನೋಡಿದ್ದೆ.

ಬೀಗಿತ್ತಿ ತಿರುಗಿ ಸೊಸೆಯ ಕೊರಳು ನೋಡಿದರು. ಹೆಂಗಸರೆಲ್ಲ ಅವಳ ಕೊರಳು ನೋಡಿದರು. ಅಕ್ಕ ಮಾತ್ರ ನನ್ನ ಕೊರಳು ನೋಡಿದಳು, ಹಿಸುಕಲು ಎಲ್ಲಿ ಸುಲಭ ಎನ್ನುವ ಹಾಗೆ.

ಪದ್ಮ ತಾಳಿಯನ್ನು ಸೀರೆಯಿಂದ ಈಚೆಗೆಳೆದು, ಎಲ್ಲರೆದುರಿಗೂ ಜಗ್ಗಿ ತೋರಿಸಿ, "ಗಟ್ಟಿಯಾಗೇ ಐತೆ ಮಾವಾ, ನೀನು ಉಣ್ಣೋಗು" ಎಂದಳು. ಮೊದಲು ನಕ್ಕವರು ಬೀಗರು. "ಸಡ್ಲ ಇದ್ರೆ ನಾವೇ ಬಿಗೀತಿದ್ವಲ್ಲ ಸಾಮಿ!" ಎಂದು ತೊಡೆ ತಟ್ಟಿಕೊಂಡು, "ಅದೊಂದನ್ನ ಇನ್ನೊಂದ್ ಕಿತಾ ಆಕ್ರಿ" ಎಂದರು. ಬೀಗಿತ್ತಿಯೂ ನಕ್ಕ ಮೇಲೆ ಅಕ್ಕನಿಗೂ ನಗದೆ ದಾರಿ ಇರಲಿಲ್ಲ.

ಮದುವೆಯ ದಿನ ಅನ್ನ ಎರಡು ಪಾತ್ರೆ ಮಿಕ್ಕಿತ್ತು. ಅದನ್ನು ನಾನು ವಿಡಿಯೋ ಮಾಡಿಲ್ಲ.