ಕಂಬಳಿ ರಾಶಿ

ನ್ಯಾಮತಿಯ ಷಣ್ಮುಖಪ್ಪನವರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಈಗಲೂ ಹೊಸಬರು ಎದುರಾದರೆ ಮೊದಲು ಊರು ಕೇಳುತ್ತಾರೆ, ಹೆಸರು ಆಮೇಲೆ. ಮೂವತ್ತೊಂದು ವರ್ಷ ಹೊನ್ನಾಳಿ, ಚನ್ನಗಿರಿ, ಜಗಳೂರು ಅಂತ ತಿರುಗಿದ ಮನುಷ್ಯ. ಯಾರು ಯಾವ ಸ್ಟಾಪಿನಲ್ಲಿ ಹತ್ತುತ್ತಾರೆ, ಯಾರ ಮಗಳು ಯಾವ ಕಾಲೇಜು, ಯಾರ ಚೀಲದೊಳಗೆ ಕೋಳಿ ಕೂತಿದೆ, ಎಲ್ಲ ಬಾಯಿಪಾಠ. ಬಸ್ಸಿನ ತಲೆಯ ಮೇಲೆ ಏರಿಸುವ ಮೂಟೆಗೆ ಹೆಸರು ಬರೆಯದೆ ಬಿಟ್ಟವರಲ್ಲ. ಈ ಅಚ್ಚುಕಟ್ಟುತನದ ಬಗ್ಗೆ ಹೇಳಿ ಹೇಳಿ ಮನೆಯವರ ತಲೆ ಚಿಟ್ಟು ಹಿಡಿಸಿದ್ದರು.

ಅವರ ಬಸ್ಸಿನ ಖಾಯಂ ಗಿರಾಕಿ ಜಗಳೂರು ಕಡೆಯ ಡ್ರಿಲ್ ಮಾಸ್ತರು ತಿಪ್ಪೇರುದ್ರಸ್ವಾಮಿ. ಇಬ್ಬರೂ ಸೇರಿ ಇಪ್ಪತ್ತೆರಡು ವರ್ಷದ ಹಿಂದೆ ‘ಬಯಲು ಬಳಗ’ ಕಟ್ಟಿದರು. ಮಕ್ಕಳನ್ನು ಭಾನುವಾರ ಗುಡ್ಡ ಹತ್ತಿಸುವುದು, ಹೊಳೆ ದಂಡೆಯಲ್ಲಿ ನಡೆಸುವುದು, ಡಿಸೆಂಬರ್ ಕೊನೆಗೆ ಮೂರು ದಿನ ಚಳಿಗಾಲದ ಶಿಬಿರ ಹೂಡುವುದು. ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳಿಸಲು ಮನೆಯವರು ಸುತರಾಂ ಒಪ್ಪಲಿಲ್ಲ. ಸರಿ, ಅಪ್ಪನೋ ಅಮ್ಮನೋ ಅಜ್ಜಿಯೋ ಜೊತೆಗೆ ಬರಲಿ ಅಂದರು ಮಾಸ್ತರು. ಹಾಗೆ ಮಕ್ಕಳ ಶಿಬಿರ ಮನೆಮಂದಿಯ ಶಿಬಿರವಾಯಿತು.

ಮೊದಲ ಶಿಬಿರ ಜಗಳೂರಿನ ಬಯಲಿನಲ್ಲಿ ನಡೆಯಿತು. ಹೊನ್ನಾಳಿ, ಚನ್ನಗಿರಿಯಿಂದ ಬಂದವರು ತೆಳ್ಳನೆಯ ರಗ್ಗು, ಜಮಖಾನ ತಂದಿದ್ದರು. ಸಂಜೆಯಾಗುತ್ತಲೇ ಬಯಲುಗಾಳಿ ಬೀಸಿ ಎಲ್ಲರ ಹಲ್ಲು ಕಟಕಟ ಅನ್ನತೊಡಗಿತು. ಬೆಚ್ಚಗಿದ್ದವರು ಜಗಳೂರಿನವರು ಮಾತ್ರ, ಕರಿ ಕಂಬಳಿ ಹೊದ್ದು. ಮಾಸ್ತರು ಅಷ್ಟೂ ಹೊದಿಕೆಗಳನ್ನು ನಡುವೆ ರಾಶಿ ಹಾಕಿಸಿದರು. “ಕಣ್ಣು ಮುಚ್ಕಂಡು ಕೈಗೆ ಸಿಕ್ಕಿದ್ದು ಎಳ್ಕಳ್ರಿ. ಯಾರ್ದು ಅಂತ ಕೇಳಂಗಿಲ್ಲ” ಅಂದರು. ಅಂದಿನಿಂದ ಅದೇ ಪದ್ಧತಿ ನಿಂತಿತು. ಬರಬರುತ್ತಾ ಹೊನ್ನಾಳಿ, ಚನ್ನಗಿರಿಯ ಅಡಿಕೆ ಸೀಮೆಯವರೂ ಸಂತೆಯಿಂದ ಕಂಬಳಿ ತಂದರು; ರಾಶಿಯೆಲ್ಲ ಒಂದೇ ಕಪ್ಪು. ಕೊನೆಯ ದಿನ ತಂದಷ್ಟು ಎಣಿಸಿಕೊಂಡು ಹೊರಡುವುದು. ನಿಮ್ಮದು ನಮ್ಮ ಮನೆಗೆ, ನಮ್ಮದು ನಿಮ್ಮ ಮನೆಗೆ ಹೋಗಿರುತ್ತಿತ್ತು. ಯಾರ ಗಂಟೂ ಹೋಗಲಿಲ್ಲ.

ಇದೆಲ್ಲ ಬರೀ ಚಳಿಗಾಗಿ ಅಂತ ಷಣ್ಮುಖಪ್ಪನವರು ತಿಳಿದಿದ್ದರು. ಮಾಸ್ತರು ಬಿಡಿಸಿ ಹೇಳುವ ಜಾಯಮಾನದವರಲ್ಲ. ಒಮ್ಮೆ ಯಾರೋ “ಹೆಸ್ರು ಬರ್ಕಳಾನ ಸರ್” ಅಂದಾಗ ಮಾತ್ರ ಮುಖ ಗಂಟು ಹಾಕಿಕೊಂಡು “ಬೇಡ” ಅಂದುಬಿಟ್ಟಿದ್ದರು. ಎರಡು ವರ್ಷದ ಹಿಂದೆ ಮಾಸ್ತರು ತೀರಿಕೊಂಡರು. ಬಳಗದ ಭಾರವೆಲ್ಲ ಷಣ್ಮುಖಪ್ಪನವರ ತಲೆಗೆ ಬಂತು.

ರಾಶಿಗೆ ಎಲ್ಲರಿಗಿಂತ ಹೆಚ್ಚು ಕಂಬಳಿ ತರುತ್ತಿದ್ದವಳು ಜಗಳೂರು ಸೀಮೆಯ ಅಜ್ಜಮ್ಮ. ನಾಲ್ಕಾರು ಕುರಿ ಸಾಕಿಕೊಂಡ ಗಟ್ಟಿ ಹೆಂಗಸು. ಮೊದಮೊದಲು ಮಗಳ ಜೊತೆ ಬಂದಳು, ಈಗ ಮೊಮ್ಮಗಳು ಆಶಾಳ ಜೊತೆ. ಇಬ್ಬರಿಗೆ ಎರಡು ಸಾಕು, ಆದರೆ ತರುತ್ತಿದ್ದದ್ದು ಆರು. “ಇಲ್ದೇ ಬಂದೋರು ಇರ್ತಾರೆ, ಇರ್ಲಿ ಬಿಡ್ರಿ” ಅನ್ನುತ್ತಿದ್ದಳು. ಷಣ್ಮುಖಪ್ಪನವರ ಮೊಮ್ಮಗಳು ಮೇಘಶ್ರೀಗೆ ಆಶಾ ಅಂದರೆ ಪ್ರಾಣ. ಐದು ವರ್ಷದಿಂದ ಇಬ್ಬರೂ ಶಿಬಿರದಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು.

ಹೋದ ವರ್ಷ ನಲ್ಲೂರಿನ ಶಾಂತಲಾ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದಳು: ‘ಹೊಸ ಕಂಬಳಿ ಕೊಟ್ಟು ತೂತು ಬಿದ್ದದ್ದು ತಂದೆವು.’ ಕೋಪದಲ್ಲಿ ಬರೆದದ್ದೇನಲ್ಲ, ಕೊನೆಗೆ ನಗುವ ಗೊಂಬೆಯೂ ಇತ್ತು. ಷಣ್ಮುಖಪ್ಪನವರಿಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ತಾನಿದ್ದೂ ಸಾಮಾನು ಅದಲುಬದಲಾಗುವುದೆಂದರೇನು?

ಈ ಡಿಸೆಂಬರಿನಲ್ಲಿ ಬಿಳಿ ಬಟ್ಟೆಯನ್ನು ಬೆರಳುದ್ದಕ್ಕೆ ಕತ್ತರಿಸಿದರು. ಬರುವವರ ಪಟ್ಟಿ ಮುಂದಿಟ್ಟುಕೊಂಡು, ಒಗೆದರೂ ಹೋಗದ ಶಾಯಿಯಲ್ಲಿ ಹೆಸರು, ಊರು ಬರೆಯತೊಡಗಿದರು. ಜಗಳೂರಿಗೆ ಬಂದಾಗ ಪೆನ್ನು ನಿಂತಿತು. ಅಲ್ಲಿಂದ ಬರುತ್ತಿದ್ದ ಅಜ್ಜಮ್ಮಂದಿರು ಮೂವರು. ಆ ಕಡೆ ಓಣಿಗೊಬ್ಬ ಅಜ್ಜಮ್ಮ ಇರುತ್ತಾಳೆ. ಗೊಂದಲ ಬೇಡವೆಂದು ಊರಿನ ಕೆಳಗೆ ಓಣಿಯನ್ನೂ ಬರೆದರು: ‘ಅಜ್ಜಮ್ಮ, ಎ.ಕೆ. ಕಾಲೋನಿ.’ ಹೀಗೆ ಆರು ಚೀಟಿ. ಒಬ್ಬರಿಗೆ ಬರೆದ ಮೇಲೆ ಎಲ್ಲರಿಗೂ ಬರೆಯಬೇಕಲ್ಲ, ಬರೆದರು. ಅಕ್ಷರ ದುಂಡಗೆ ಬಂದಿತ್ತು ಅಂತ ಖುಷಿಯೂ ಪಟ್ಟರು. ಹೆಸರಿನಲ್ಲಿ ಕಾಣದ ಜಾತಿ ನಮ್ಮಲ್ಲಿ ಓಣಿಯ ಹೆಸರಿನಲ್ಲಿ ಎದ್ದು ಕಾಣುತ್ತದೆ. ಮೂವತ್ತೊಂದು ವರ್ಷ ಊರೂರು ಸುತ್ತಿದ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲ. ಅಜ್ಜಮ್ಮ ಯಾರೆಂದು ಬಳಗದವರಿಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಯಾವ ಕಂಬಳಿ ಅಜ್ಜಮ್ಮನದು ಅಂತ ಯಾರಿಗೂ ಗೊತ್ತಿರಲಿಲ್ಲ.

ಶಿಬಿರ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಹತ್ತಿರ, ಒಂದು ಶಾಲೆಯ ಬಯಲಿನಲ್ಲಿ. ಬಂದ ಬಂದವರ ಕಂಬಳಿಗೆ ಷಣ್ಮುಖಪ್ಪನವರು ಬಾಗಿಲಲ್ಲೇ ಕೂತು ದಬ್ಬಣದಿಂದ ಚೀಟಿ ಹೊಲಿದರು. ಸಂಜೆ ಐದಕ್ಕೆ ರಾಶಿ ಎದ್ದಿತು. ಮಕ್ಕಳು ಕಣ್ಣು ಮುಚ್ಚಿ, ಕಿರುಚಾಡುತ್ತಾ ಎಳೆದರು. ಕೆರೆ ಕಡೆಯಿಂದ ಗಾಳಿ ಆಗಲೇ ಶುರುವಾಗಿತ್ತು.

ಶಾಂತಲಾ ಮಗನ ಹೆಗಲ ಮೇಲಿದ್ದ ಕಂಬಳಿಯ ಮೂಲೆ ತಿರುಗಿಸಿ ಚೀಟಿ ಓದಿದಳು. ‘ಎ.ಕೆ. ಕಾಲೋನಿ’ ಅಂತಿತ್ತು. ಇನ್ನೊಮ್ಮೆ ಓದಿದಳು. “ಲೋ, ನಮ್ಮನೇದು ಆ ಕಡೆ ಐತೆ ನೋಡು, ಅದನ್ನೇ ತಗಳಪ್ಪ” ಅಂದಳು, ಮೆತ್ತಗೆ. ಹುಡುಗ ಬಿಟ್ಟು ಓಡಿದ. ಪಕ್ಕದವಳು ತನ್ನ ಮಗಳ ಮೂಲೆ ತಿರುಗಿಸಿದಳು. ಆಮೇಲೆ ಹೊನ್ನಾಳಿಯವರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ, ಆಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕಾಲು ಗಂಟೆಯೊಳಗೆ ಬಹುತೇಕ ಎಲ್ಲರ ಕಂಬಳಿ ಅವರವರ ಕೈ ಸೇರಿತು.

“ಹೆಸ್ರು ಬರ್ದಿದ್ದು ಭಾರಿ ಅನ್ಕೂಲ ಆತು ಕಂಡಕ್ಟ್ರೇ” ಅಂದ ಒಬ್ಬ.

ಮಾಸ್ತರು ಅಂದು ಯಾಕೆ ಬೇಡ ಅಂದಿದ್ದರು ಅಂತ ಷಣ್ಮುಖಪ್ಪನವರಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಅಷ್ಟರಲ್ಲಿ ಸೊಸೆ ಹತ್ತಿರ ಬಂದಳು. ಮೇಘಶ್ರೀ ಎಳೆದುಕೊಂಡದ್ದು ಅಜ್ಜಮ್ಮನ ಕಂಬಳಿ.

“ಮಾವ, ಅವಳಿಗೆ ಕೆಮ್ಮು ಐತೆ. ನಮ್ಮ ಮನೇದೇ ಇರ್ಲಿ.”

ಕೆಮ್ಮು ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಸುತ್ತ ಜನ ನೋಡುತ್ತಿದ್ದರು, ಅಜ್ಜಮ್ಮನೂ ನೋಡುತ್ತಿದ್ದಳು. ‘ಸುಮ್ನಿರಮ್ಮ’ ಅನ್ನುವ ಒಂದು ಮಾತು ಸಾಕಿತ್ತು. ಅವರು ಮೊಮ್ಮಗಳ ಮೈಮೇಲಿನ ಕಂಬಳಿಯನ್ನು ತಾವೇ ತೆಗೆದು, ಮಡಿಸಿ, ರಾಶಿ ಇದ್ದ ಜಾಗಕ್ಕೆ ತಂದಿಟ್ಟರು. ಮನೆಯ ಕಂಬಳಿ ಹೊದಿಸಿದರು. ಅದನ್ನು ಮಾಡಿದ್ದು ಸೊಸೆಯಲ್ಲ, ಶಾಂತಲಾ ಅಲ್ಲ, ಅವರ ಕೈಯೇ.

ಕೊನೆಗೆ ಉಳಿದವು ಆರೇ ಕಂಬಳಿ. ಹೊದಿಕೆ ಇಲ್ಲದೆ ಬಂದಿದ್ದ ಹೊನ್ನಾಳಿಯ ಇಬ್ಬರು ಮಕ್ಕಳು ಯಾರದೋ ಕಂಬಳಿಯ ತುದಿಯಲ್ಲಿ ಮುದುರಿಕೊಂಡರು. ಆ ಆರನ್ನು ಯಾರೂ ಕೈಯಲ್ಲಿ ಮುಟ್ಟಲಿಲ್ಲ. ಆಶಾ ಚಾಪೆ ಹಿಡಿದುಕೊಂಡು ಮೇಘಶ್ರೀಗಾಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಾಪೆ ಸುತ್ತಿಕೊಂಡು ಅಜ್ಜಿಯ ಹತ್ತಿರ ಹೋದಳು. ಅಜ್ಜಮ್ಮ ಎದ್ದು ಬಂದು ತನ್ನ ಆರೂ ಕಂಬಳಿಗಳನ್ನು ಎತ್ತಿಕೊಂಡಳು.

ಬೆಳಿಗ್ಗೆ ಅವಳ ಗಂಟು ಕಟ್ಟಿ ಆಗಿತ್ತು. ಶಿಬಿರ ಇನ್ನೂ ಎರಡು ದಿನವಿತ್ತು.

“ಕುರಿ ಮರಿ ಹಾಕ್ಯಾವೆ ಕಂಡಕ್ಟರಣ್ಣ, ಹೋಗ್ಬೇಕು” ಅಂದಳು.

ಗಂಟನ್ನು ಅವರೇ ಹೊತ್ತು ಬಸ್ ಸ್ಟಾಪಿನ ತನಕ ನಡೆದರು. ಆಶಾ ಮುಂದೆ ಮುಂದೆ ಹೋಗುತ್ತಿದ್ದಳು. ಬಸ್ಸು ಇನ್ನೂ ಬಂದಿರಲಿಲ್ಲ.

“ತಪ್ಪಾತು ಅಜ್ಜಮ್ಮ. ಬರ್ದೋನು ನಾನು. ಈಗ್ಲೇ ಹೋಗಿ ಎಲ್ಲಾ ಚೀಟಿ ಕಿತ್ತಾಕ್ತೀನಿ. ನೀ ನಿಲ್ಲು.”

“ಕಿತ್ರೆ ಓದಿದ್ದು ಮರ್ತೋಗುತ್ತೇನಣ್ಣ?”

ಅಜ್ಜಮ್ಮ ಗಂಟಿನ ಮೇಲೆ ಕೈಯಾಡಿಸಿದಳು.

“ನಂಗೆ ಚೀಟಿ ಯಾಕೆ ಬೇಕು ಹೇಳ್ರಿ. ನಮ್ಮ ಕುರಿ ಉಣ್ಣೆ ಕೊಟ್ಟು ನೇಯ್ಸಿದ್ದು, ಮುಟ್ಟಿದ್ರೆ ಗೊತ್ತಾಗುತ್ತೆ. ವರ್ಷಾ ವರ್ಷಾ ಯಾರ್ ಯಾರು ಹೊದ್ಕಂಡಾರೆ ಅಂತ ನೋಡ್ತಿದ್ದೆ. ನಿಮ್ಮ ಮೇಘಶ್ರೀ ಎರಡು ವರ್ಷ ಹೊದ್ಕಂಡಾಳೆ. ನಲ್ಲೂರು ಅಮ್ಮನ ಮಗ ಒಂದ್ ಸಲ. ಊರಿಗೋಗಿ ನಮ್ಮ ಓಣಿಯೋರಿಗೆಲ್ಲ ಹೇಳ್ತಿದ್ದೆ, ಇಂಥಿಂಥೋರ ಮಕ್ಕಳು ನಮ್ಮ ಕಂಬ್ಳಿಯಾಗೆ ಮಲಗಿದ್ವು ಅಂತ. ಯಾರೂ ನಂಬ್ತಿರ್ಲಿಲ್ಲ.” ಅವಳು ಗಂಟಿನ ಕುಣಿಕೆ ಬಿಗಿ ಮಾಡಿದಳು. “ಈ ಸಲ ಏನಂತ ಹೇಳ್ಲಿ?”

ಬಸ್ಸು ಬಂತು. ಆಶಾ ಮೊದಲು ಹತ್ತಿದಳು, ತಿರುಗಿ ನೋಡಲಿಲ್ಲ. ಷಣ್ಮುಖಪ್ಪನವರು ಗಂಟನ್ನು ಒಳಗೆ ಇಟ್ಟು ಕೆಳಗಿಳಿದರು. ಮುಂದಿನ ವರ್ಷ ಬಾ ಅಂತ ಕರೆಯಲು ಅವರಿಗೆ ಬಾಯಿ ಬರಲಿಲ್ಲ. ಬಯಲಿಗೆ ವಾಪಸು ಬರುವ ದಾರಿಯಲ್ಲಿ ಒಂದು ಕಡೆ ಕೂತು ಅತ್ತರು.

ಶಿಬಿರ ಮಾತ್ರ ಚೆನ್ನಾಗಿ ಮುಗಿಯಿತು. ಮಕ್ಕಳು ಗುಡ್ಡ ಹತ್ತಿದರು, ಗಂಡಸರು ಅವಲಕ್ಕಿ ಒಗ್ಗರಣೆ ಸೀಯಿಸಿದರು, ಎಲ್ಲರೂ ನಕ್ಕರು. ಕೊನೆಯ ದಿನ ಅವರವರ ಕಂಬಳಿ ಅವರವರು ಮಡಿಸಿಕೊಂಡು ಹೊರಟರು. ಹೊರಡುವಾಗ ಶಾಂತಲಾ ಷಣ್ಮುಖಪ್ಪನವರ ಹತ್ತಿರ ಬಂದು ಕೈ ಮುಗಿದಳು.

“ಇಷ್ಟು ಅಚ್ಚುಕಟ್ಟಾಗಿ ಯಾವ ವರ್ಷಾನೂ ಆಗಿರ್ಲಿಲ್ಲ ನೋಡ್ರಿ. ಮುಂದಿನ ಸಲ ತಟ್ಟೆ ಲೋಟಕ್ಕೂ ಹಿಂಗೇ ಹೆಸ್ರು ಬರ್ಸಿಬಿಡ್ರಿ.”

“ಆತು ಬಿಡಮ್ಮ” ಅಂದರು ಷಣ್ಮುಖಪ್ಪನವರು.