ಗಾಬರಿ ಅಜ್ಜಿಯ ಹಾಳೆ

ನನ್ನ ಗೆಳತಿ ತೀರಿಕೊಂಡು ಇಪ್ಪತ್ತು ದಿನವಾಯಿತು. ಕೊನೆಯವರೆಗೂ ಅವಳು ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದ ಸಂಗತಿಯೊಂದಿದೆ. ಅದನ್ನು ಬಿಟ್ಟು ಬರೆದರೆ ಈ ನೆನಪಿನ ಬರಹ ಬರೀ ಹೊಗಳಿಕೆಯಾದೀತು.

ಅವಳು ಒಂದು ಆ್ಯಪ್ ಕಂಪನಿಗೆ ಸೇರಿದ್ದು ಗಿರಾಕಿಗಳ ಫೋನ್ ಎತ್ತುವ ಕೆಲಸಕ್ಕೆ. ನಾಲ್ಕು ವರ್ಷ ಬೈಗುಳ ಕೇಳಿದಳು. ಜನ ಎಲ್ಲೆಲ್ಲಿ ಎಡವುತ್ತಾರೆಂಬುದು ಬಾಯಿಪಾಠವಾದ ಮೇಲೆ ಆ್ಯಪ್‌ನ ತಪ್ಪು ಹುಡುಕುವ ತಂಡಕ್ಕೆ ಹಾಕಿದರು. ಅಲ್ಲಿಂದ ಪ್ರಾಡಕ್ಟ್ ಮ್ಯಾನೇಜರ್ ಆದಳು.

"ಕೋಡ್ ಬರೆಯೋರು ಬೇರೆ, ಮಾರೋರು ಬೇರೆ. ಮಧ್ಯೆ ನಿಂದೇನೇ?" ಎಂದು ಅಮ್ಮ ಕೇಳಿದ್ದಳು.

"ಏನು ಮಾಡ್ಬೇಕು, ಏನು ಬಿಡ್ಬೇಕು ಅಂತ ಹೇಳೋದಮ್ಮ."

"ಮನೇಲಿ ಮಾಡೋದನ್ನೇ ಅಲ್ಲೂ ಮಾಡ್ತೀಯ. ಅದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು!"

ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿಕೊಳ್ಳುವ ಆ್ಯಪ್ ಅದು. ಬಳಸುವವರು ಯಾರೆಂದು ತಂಡದ ಕಣ್ಣಿಗೆ ಕಟ್ಟುವಂತೆ, ಇಂಥ ಕಚೇರಿಗಳಲ್ಲಿ ಒಬ್ಬ ಕಾಲ್ಪನಿಕ ಗಿರಾಕಿಯ ವಯಸ್ಸು, ಗುಣ ಬರೆದು ಗೋಡೆಗೆ ಅಂಟಿಸುತ್ತಾರೆ. ಕಲ್ಪಿಸುವ ಗೋಜಿಗೇ ಹೋಗದೆ ಅವಳು ಅಮ್ಮನನ್ನು ಬರೆದಳು: 'ಗಾಬರಿ ಅಜ್ಜಿ. ಅರವತ್ತೆಂಟು. ಮಂಡಿನೋವು. ಫೋನ್ ಎಲ್ಲಿ ಕಚ್ಚುತ್ತದೋ ಎಂಬಂತೆ ಒಂದೇ ಬೆರಳಲ್ಲಿ ಮುಟ್ಟುತ್ತಾಳೆ. ದಿನಕ್ಕೆ ಆರು ಸಲ ಮಗಳಿಗೆ ಫೋನ್ ಮಾಡುತ್ತಾಳೆ.' ತಂಡ ಬಿದ್ದು ಬಿದ್ದು ನಕ್ಕಿತು. ಮೇಲಿನವರು ಮೆಚ್ಚಿದರು. ಬಡ್ತಿಯೂ ಬಂತು.

ಬಡ್ತಿಯ ಸುದ್ದಿ ಕೇಳಿ ಅಮ್ಮ ಕಚೇರಿ ನೋಡಲು ಬಂದಳು. ಗೋಡೆಯ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲು ಓದಿದಳು.

"ಇವರು ನಮ್ಮ ಗಾಬರಿ ಅಜ್ಜಿ, ಆಂಟಿ. ತುಂಬಾ ತಮಾಷೆ," ಎಂದಳು ಡಿಸೈನರ್ ಹುಡುಗಿ.

"ಆರು ಸಲ ಅಂದ್ರೆ ಜಾಸ್ತೀನೇ. ಪಾಪ, ಮಗಳಿಗೆ ಎಷ್ಟು ತೊಂದರೆ," ಎಂದಳು ಅಮ್ಮ.

ತಪ್ಪಾಯಿತು ಎನ್ನಬೇಕಾದ ಗೆಳತಿಯ ಬಾಯಿ "ಕಾಫಿ ಕುಡಿತೀಯಾ?" ಎಂದಿತು.

ಮರುದಿನದಿಂದ ಅಮ್ಮನ ಫೋನ್ ಬರುವುದು ನಿಂತಿತು. ಇವಳೇ ಮಾಡಿದರೆ, "ನಂಗೆಲ್ಲಾ ಗೊತ್ತಾಗತ್ತೆ, ನೀನು ನಿನ್ನ ಕೆಲಸ ನೋಡ್ಕೋ," ಎನ್ನುತ್ತಿದ್ದಳು. ಹಾಳೆಯನ್ನು ಇವಳು ಅಂದೇ ಕಿತ್ತು ಹಾಕಿದ್ದಳು. ಅಮ್ಮನೆದುರು ಮಾತ್ರ ಬಾಯಿ ಬಿಡಲಾಗಲಿಲ್ಲ.

ನಾಲ್ಕು ತಿಂಗಳ ಮೇಲೆ, ಆ್ಯಪ್ ಹೇಗೆ ನಡೆಯುತ್ತಿದೆಯೆಂದು ನೋಡಲು ಒಂದು ಕ್ಲಿನಿಕ್‌ಗೆ ಹೋದಳು. ಆ್ಯಪ್ ಇಲ್ಲದವರ ಸಾಲಿನಲ್ಲಿ, ಗೋಡೆಗೆ ಒರಗಿ ಮಂಡಿ ನೀವಿಕೊಳ್ಳುತ್ತ ಅಮ್ಮ ನಿಂತಿದ್ದಳು.

"ಎಷ್ಟು ದಿನದಿಂದ ಹೀಗೆ ಬಂದು ನಿಲ್ತಿದ್ದೀಯಮ್ಮ?"

"ಮೂರು ತಿಂಗಳಾಯ್ತೇನೋ. ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಹೋಗತ್ತೆ ನಿನ್ನ ಆ್ಯಪು. ಕೇಳೋಣ ಅಂದ್ರೆ…"

"ಆ ಹಾಳೇಲಿ ಇದ್ದಿದ್ದು ನೀನೇ ಅಮ್ಮ. ಬರೆದೋಳು ನಾನೇ. ಎಲ್ಲರ ಮುಂದೆ ನಿನ್ನ ನಗೆಪಾಟಲು ಮಾಡ್ಬಿಟ್ಟೆ."

"ಗೊತ್ತು ಕಣೇ. ನನ್ನ ಬೆರಳು ನಂಗೆ ಗೊತ್ತಾಗಲ್ವಾ?"

"ಫೋನ್ ಕೊಡು. ಎಲ್ಲಿ ತಪ್ಪತ್ತೆ ತೋರಿಸು."

"ಇವತ್ತು ಬೇಡ. ನನ್ನ ಸರದಿ ಬಂತು."

ಚೀಲವನ್ನಾದರೂ ಹಿಡಿದುಕೊಳ್ಳೋಣವೆಂದು ಇವಳು ಕೈಚಾಚಿದಳು. ಅಮ್ಮ ಅದನ್ನು ಆಚೆ ಹೆಗಲಿಗೆ ಬದಲಿಸಿಕೊಂಡು, ಕುಂಟುತ್ತ ಒಳಗೆ ಹೋದಳು.